ಧ್ವಜಾರೋಹಣದ ಹೊತ್ತಿಗೆ ನಾವು ಸಾಮಾನ್ಯರು ಸೆಲ್ಯೂಟ್ ಹೊಡೆಯಬೇಕಾ, ನೆಟ್ಟಗೆ ನಿಂತರೆ ಸಾಕಾ?

ಕೆಂಗೇರಿ_ನಿವಾಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಸಲ ಆಗಸ್ಟ್ 15ರ ಧ್ವಜಾರೋಹಣದ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಹೋದ ವರ್ಷ ಬಾವುಟ ಹಾರಿದ ಕೂಡಲೇ ಕೆಲವರು ಸೆಲ್ಯೂಟ್ ಹೊಡೆದರು, ಒಂದಿಬ್ಬರು ಎದೆ ಮೇಲೆ ಕೈ ಇಟ್ಟುಕೊಂಡರು, ಉಳಿದವರು ಕೈ ಇಳಿಬಿಟ್ಟು ನಿಂತಿದ್ದರು. ಆಮೇಲೆ ತಿಂಡಿ ತಿನ್ನುವಾಗ ಅದೇ ಜಗಳ. ಸೆಲ್ಯೂಟ್ ಹೊಡೆಯದವರಿಗೆ ದೇಶದ ಮೇಲೆ ಗೌರವವಿಲ್ಲ ಅಂತ ಒಬ್ಬರು ಎಲ್ಲರೆದುರೇ ಅಂದುಬಿಟ್ಟರು. ನಮ್ಮ ಮಾವನವರು ಗಾಲಿಕುರ್ಚಿಯಲ್ಲಿರುವವರು. ಎದ್ದು ನಿಲ್ಲೋಕೂ ಆಗದವನು ಅಲ್ಲಿಗೆ ಯಾಕೆ ಬರಲಿ ಅಂತ ಈಗ ಹಟ ಹಿಡಿದಿದ್ದಾರೆ.

ನಿಯಮ ಏನಿದೆ, ಗೊತ್ತಿರುವವರು ಹೇಳಿ. ಚಪ್ಪಲಿ ಬಿಡಬೇಕಾ? ರಾತ್ರಿಯೂ ಬಾವುಟ ಹಾಗೇ ಇರಬಹುದಾ? ನವೆಂಬರ್‌ನಲ್ಲಿ ಅದೇ ಕಂಬಕ್ಕೆ ಎರಡೂ ಬಾವುಟ, ಅಂದರೆ ಕನ್ನಡದ್ದನ್ನೂ ಸೇರಿಸಿ ಕಟ್ಟೋಣ ಅಂತಲೂ ಕೆಲವರು ಅನ್ನುತ್ತಿದ್ದಾರೆ.

ಪಿಟಿ_ಮಾಸ್ತರ_ಧಾರವಾಡ:

ತಂಗಿ, ಮೊದಲು ನಿಮ್ಮ ಮಾವನವರನ್ನು ಕೆಳಗೆ ಕರೆದುಕೊಂಡು ಬರ್ರಿ, ಮುಂದಿನ ಸಾಲಿನಲ್ಲೇ ಅವರ ಕುರ್ಚಿ ಇರಲಿ. ಅಂಗವಿಕಲರು ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕಾಗಿಲ್ಲ, ಗೌರವ ತೋರುವ ಹಾಗೆ ಇದ್ದರಾಯಿತು ಅಂತ ಸುಪ್ರೀಂ ಕೋರ್ಟೇ 2016ರ ಡಿಸೆಂಬರ್‌ನಲ್ಲಿ ಹೇಳಿದೆ. ಬಾವುಟದ ಕಡೆ ಮುಖ ಮಾಡಿ, ಅಲುಗಾಡದೆ ಕೂತರೆ ಅದೇ ಅವರ ಸಾವಧಾನ್.

ಇನ್ನು ಸೆಲ್ಯೂಟಿನ ವಿಷಯ. 2002ರ ಜನವರಿ 26ರಿಂದ ಜಾರಿಯಲ್ಲಿರುವ ಧ್ವಜ ಸಂಹಿತೆಯಲ್ಲಿ ಇದಕ್ಕೆ ಗೊಂದಲವೇ ಇಲ್ಲ. ಬಾವುಟ ಏರಿಸುವಾಗ, ಇಳಿಸುವಾಗ, ಕವಾಯತಿನಲ್ಲಿ ಬಾವುಟ ಹಾದುಹೋಗುವಾಗ ಅಲ್ಲಿದ್ದವರೆಲ್ಲ ಅದರತ್ತ ಮುಖ ಮಾಡಿ ಸಾವಧಾನ್ ಸ್ಥಿತಿಯಲ್ಲಿ ನಿಲ್ಲಬೇಕು. ಸಮವಸ್ತ್ರದಲ್ಲಿರುವವರು ತಮ್ಮ ತಮ್ಮ ಪದ್ಧತಿಯ ಸೆಲ್ಯೂಟ್ ಮಾಡಬೇಕು. ಭೂಸೇನೆಯವರದು ಅಂಗೈ ಮುಂದಕ್ಕೆ ಕಾಣುವ ಸೆಲ್ಯೂಟ್, ಸ್ಕೌಟ್ಸ್ ಮಕ್ಕಳದು ಮೂರು ಬೆರಳಿನದು. ಎದೆ ಮೇಲೆ ಕೈ ಇಡುವುದು ಅಮೆರಿಕದವರ ರೂಢಿ, ಅವರ ಕಾನೂನಿನಲ್ಲೇ ಬರೆದಿದೆ. ನಮ್ಮಲ್ಲಿ ಅದಿಲ್ಲ. 2015ರ ಗಣರಾಜ್ಯೋತ್ಸವದಲ್ಲಿ ಉಪರಾಷ್ಟ್ರಪತಿ ಹಮೀದ್ ಅನ್ಸಾರಿಯವರು ಸೆಲ್ಯೂಟ್ ಮಾಡಲಿಲ್ಲ ಅಂತ ಎಷ್ಟೋ ಜನ ಮುಗಿಬಿದ್ದಿದ್ದರು. ಅವತ್ತು ವಂದನೆ ಸ್ವೀಕರಿಸುವವರು ರಾಷ್ಟ್ರಪತಿ, ಸಮವಸ್ತ್ರದಲ್ಲಿಲ್ಲದ ಉಳಿದವರು ಸಾವಧಾನ್ ನಿಲ್ಲುವುದೇ ಕ್ರಮ ಅಂತ ಅವರ ಕಚೇರಿ ಆಗಲೇ ತಿಳಿಸಿತ್ತು.

ಶಾಲೆಯ ಮಾತು ಬೇರೆ. ಸಂಹಿತೆಯಲ್ಲಿ ಶಾಲೆಗಳಿಗೆಂದೇ ಒಂದು ಕ್ರಮ ಇದೆ. ಮಕ್ಕಳು ಮೂರು ಬದಿಗೆ, ನಾಲ್ಕನೆಯ ಬದಿಯ ನಡುವೆ ಧ್ವಜಸ್ತಂಭ. ಬಾವುಟ ಬಿಚ್ಚಿಕೊಂಡ ಕೂಡಲೇ ಆಜ್ಞೆ, ಎಲ್ಲರ ಸೆಲ್ಯೂಟ್, ಆಮೇಲೆ ಕೈ ಇಳಿಸಿ ರಾಷ್ಟ್ರಗೀತೆ. ‘ಸಾವಧಾನ್, ಏಕ್ ಸಾಥ್ ರಾಷ್ಟ್ರಗೀತ್ ಶುರೂ ಕರ್’ ಅಂತ ಕೂಗಿ ಕೂಗಿ ನನ್ನ ಗಂಟಲು ಇವತ್ತಿಗೂ ಒರಟಾಗೇ ಇದೆ. ಆ ರೂಢಿ ಮೈಗೆ ಹತ್ತಿದವರು ದೊಡ್ಡವರಾದ ಮೇಲೂ ತಾವಾಗೇ ಕೈ ಎತ್ತುತ್ತಾರೆ. ಅವರನ್ನು ತಡೆಯಬೇಡ್ರಿ. ಆದರೆ ಕೈ ಎತ್ತದವರ ದೇಶಭಕ್ತಿ ಅಳೆಯುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ನಾನು ಖಡಾಖಂಡಿತ ಹೇಳುತ್ತೇನೆ.

ನಾನು ಕಂಡ ಮಟ್ಟಿಗೆ ಬಾವುಟಕ್ಕೆ ಅವಮಾನ ಆಗುವುದು ಹೆಚ್ಚಾಗಿ ಕಟ್ಟುವವರ ಅವಸರದಿಂದ. ಖಾದಿ ಬಾವುಟದ ಕಂಬದ ಬದಿಗೆ ದಪ್ಪ ಬಿಳಿ ಪಟ್ಟಿ ಹೊಲಿದು ಅದರೊಳಗೆ ಹಗ್ಗ ಪೋಣಿಸಿರುತ್ತಾರೆ. ಹಗ್ಗದ ಒಂದು ತುದಿಗೆ ಸಣ್ಣ ಮರದ ಗೂಟ ಇರುತ್ತದೆ, ಅದು ಕೇಸರಿ ಬದಿಗೆ. ಮೇಲೇರುವ ಹಗ್ಗದ ಕುಣಿಕೆಗೆ ಆ ಗೂಟ ಸಿಕ್ಕಿಸಿದರೆ ಬಾವುಟ ತಲೆಕೆಳಗಾಗುವ ಮಾತೇ ಇಲ್ಲ. ಅಂಗಡಿಯ ಪಾಲಿಯೆಸ್ಟರ್ ಬಾವುಟದಲ್ಲಿ ಗೂಟ ಇಲ್ಲದಿದ್ದರೆ ಕೇಸರಿ ಬದಿಯ ತುದಿಗೆ ಒಂದು ದಾರ ಕಟ್ಟಿ ಗುರುತು ಮಾಡಿಕೊಳ್ರಿ. ಹಿಂದಿನ ಸಂಜೆ ಬರೀ ಹಳೇ ಟವೆಲ್ ಕಟ್ಟಿ ಮೇಲೆ ಕೆಳಗೆ ಓಡಿಸಿ ನೋಡ್ರಿ, ರಾಟೆ ಕಚ್ಚುತ್ತಿದ್ದರೆ ಆಗಲೇ ಗೊತ್ತಾಗುತ್ತದೆ. ಒಳಗೆ ಹೂವಿನ ಪಕಳೆ ಇಡಲು ಸಂಹಿತೆಯ ಅಡ್ಡಿಯಿಲ್ಲ. ಆದರೆ ಒದ್ದೆ ಚೆಂಡುಹೂ ಬೇಡ, ಬಿಳಿ ಪಟ್ಟೆಗೆ ಕಲೆ ಹತ್ತುತ್ತದೆ. ಮಡಿಕೆಯ ಮೇಲಿನ ಗಂಟು ಜೀರುಗುಣಿಕೆ ಇರಲಿ, ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳಬೇಕು. ಅತಿಥಿಗಳು ಜಗ್ಗಿ ಜಗ್ಗಿ ಬೆವರುವುದನ್ನು ನೋಡಲಾಗದು. ಏರಿಸುವಾಗ ಚುರುಕು, ಇಳಿಸುವಾಗ ನಿಧಾನ.

ಚಪ್ಪಲಿ ಬಿಡಬೇಕೆಂಬ ನಿಯಮವಿಲ್ಲ. ಸೈನಿಕರು ಬೂಟು ಹಾಕಿಯೇ ಸೆಲ್ಯೂಟ್ ಮಾಡುತ್ತಾರಲ್ಲ! ಯಾರಾದರೂ ಭಕ್ತಿಯಿಂದ ಬಿಟ್ಟರೆ ಬಿಡಲಿ. ರಾತ್ರಿಯೂ ಹಾರಿಸಲು 2022ರ ಜುಲೈನ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೂ ಸಂಜೆ ಇಳಿಸ್ರಿ ಅನ್ನುತ್ತೇನೆ. ಮಳೆಗಾಲದ ಗಾಳಿಗೆ ಅಂಚು ಹರಿಯುತ್ತದೆ, ಹರಿದ ಬಾವುಟ ಹಾರಿಸುವ ಹಾಗಿಲ್ಲ. ಒಂದೇ ಕಂಬಕ್ಕೆ ಎರಡು ಬಾವುಟವಂತೂ ಕೂಡದು. ನಮ್ಮ ಹಳದಿ-ಕೆಂಪು ಬಾವುಟಕ್ಕೆ ಬೇರೆ ಜಾಗದಲ್ಲಿ, ತ್ರಿವರ್ಣಕ್ಕಿಂತ ತಗ್ಗಾದ ಕಂಬ ನೆಡ್ರಿ.

ಮದ್ದೂರು_ಹೈದ:

ಮಾಸ್ತರ್ ಹೇಳಿದ್ದು ಒಪ್ಕೊಂಡೆ, ಆದ್ರೂ ನಾನಂತೂ ಸೆಲ್ಯೂಟ್ ಹೊಡಿಯೋನೇ. ನಮ್ಮೂರಿಗೆ ಶಿವಪುರ ಕೂಗಳತೆ ದೂರ. 1938ರ ಏಪ್ರಿಲ್‌ನಲ್ಲಿ ಸರ್ಕಾರದ ನಿಷೇಧ ಇದ್ರೂ ಟಿ. ಸಿದ್ದಲಿಂಗಯ್ಯನೋರು ಅಲ್ಲಿ ಬಾವುಟ ಹಾರ್ಸಿ ಬಂಧನಕ್ಕೆ ಒಳಗಾದ್ರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡೇಟಿಗೆ ಜನ ಸತ್ರು. ಶಿವಪುರದ ಧ್ವಜ ಸತ್ಯಾಗ್ರಹ ಸೌಧದ ಮುಂದೆ ಓಡಾಡ್ಕೊಂಡು ಬೆಳೆದೋನಿಗೆ ಕೈ ತಾನಾಗೇ ಮೇಲೆ ಹೋಯ್ತದೆ. ಪಕ್ಕದೋರು ಎತ್ತಲಿಲ್ಲ ಅಂತ ನಾನು ಯಾವತ್ತೂ ಕೇಳಿಲ್ಲ, ಕೇಳೋದೂ ಇಲ್ಲ. ಅಕ್ಕಾ, ನಿಮ್ ಮಾವನೋರಿಗೆ ನನ್ ನಮಸ್ಕಾರ ತಿಳಿಸಿ.

ಗರಗದ_ಮಗಳು:

ಅಕ್ಕಾರ, ಸಾಧ್ಯವಾದರೆ ಖಾದಿ ಬಾವುಟ ತರಿಸ್ರಿ. 2021ರ ಕೊನೆಗೆ ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿದೆ, ಅದು ತಪ್ಪಲ್ಲ. ಆದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದ ಹೆಣ್ಣುಮಕ್ಕಳು ಹೊಲಿಯುವ ಬಾವುಟ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ನಮ್ಮ ಗರಗದ ಕಡೆಯೂ ಬಾವುಟದ ಬಟ್ಟೆ ನೇಯುತ್ತಾರೆ. ಚಕ್ರ ಎರಡೂ ಬದಿಗೆ ಅಚ್ಚಾಗಬೇಕು, 24 ಅರಗಳೂ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡಬೇಕು. ಬೆಳಕಿಗೆ ಹಿಡಿದರೆ ಒಂದೇ ಚಕ್ರ ಕಾಣುತ್ತದೆ.

ಇನ್ನೊಂದು ಮಾತು. ಮಕ್ಕಳ ಕೈಗೆ ಕೊಟ್ಟ ಕಾಗದದ ಬಾವುಟ ಮಧ್ಯಾಹ್ನಕ್ಕೆ ಪಾರ್ಕಿಂಗಿನಲ್ಲಿ, ಗಾಡಿ ಚಕ್ರದ ಕೆಳಗೆ ಬಿದ್ದಿರುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅವನ್ನು ನೆಲಕ್ಕೆ ಎಸೆಯಬಾರದು ಅಂತ ಸಂಹಿತೆಯಲ್ಲೇ ಇದೆ. ತಿಂಡಿ ಕೊಡುವ ಮೇಜಿನ ಹತ್ತಿರವೇ ಒಂದು ಸ್ವಚ್ಛ ಬುಟ್ಟಿ ಇಡ್ರಿ, ತಿಂಡಿಗೆ ಬಂದ ಮಕ್ಕಳು ಅದರಲ್ಲಿ ಹಾಕಿ ಹೋಗಲಿ.

ಕೆಂಗೇರಿ_ನಿವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ತರ ಉತ್ತರವನ್ನು ಮಾವನವರಿಗೆ ಓದಿ ಹೇಳಿದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ ತೆಗೆದಿಡು ಅಂದಿದ್ದಾರೆ. ಸರ್, ಸಂಜೆ ಇಳಿಸಿದ ಮೇಲೆ ಮಡಚುವುದು ಹೇಗೆ? ಹಳೆಯದೊಂದು ಅಂಚು ಹರಿದದ್ದೂ ಆಫೀಸಿನ ಕಪಾಟಿನಲ್ಲಿದೆ.

ಪಿಟಿ_ಮಾಸ್ತರ_ಧಾರವಾಡ:

ಇಬ್ಬರು ಎದುರಾಬದುರಾ ನಿಂತು ನೆಲಕ್ಕೆ ತಾಗದಂತೆ ಅಡ್ಡಲಾಗಿ ಹಿಡಿಯಿರಿ. ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಮಡಚಿರಿ. ಆಮೇಲೆ ಎರಡೂ ತುದಿಯಿಂದ ಮಡಚುತ್ತಾ ಬಂದರೆ ಮೇಲೆ ಚಕ್ರ, ಜೊತೆಗೆ ಕೇಸರಿ-ಹಸಿರಿನ ಸ್ವಲ್ಪ ಭಾಗ ಮಾತ್ರ ಕಾಣುತ್ತದೆ. ಕಂಕುಳಲ್ಲಿ ಇಟ್ಟುಕೊಳ್ಳದೆ ಅಂಗೈ ಮೇಲೆ ಒಯ್ಯಿರಿ. ಮಳೆಯಲ್ಲಿ ತೊಯ್ದಿದ್ದರೆ ಮಡಚುವ ಮೊದಲು ನೆರಳಿನಲ್ಲಿ ಒಣಗಲಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಹರಿದದ್ದನ್ನು ಒರೆಸುವ ಬಟ್ಟೆ ಮಾಡಬೇಡ್ರಿ, ಕಸಕ್ಕೂ ಹಾಕಬೇಡ್ರಿ. ಹತ್ತು ಜನರ ಮುಂದೆ ಬೇಡ, ಮರೆಯಲ್ಲಿ, ತುಂಡು ಮಾಡದೆ ಇಡಿಯಾಗಿ ಸುಡಬೇಕು. ನಿಮ್ಮ ಮಾವನವರನ್ನೂ ಜೊತೆಗೆ ಕರೆಯಿರಿ.