ಉಜಿರೆ ರುಡ್‌ಸೆಟ್‌ಗೆ ತಮ್ಮನ್ನ ಕಳಿಸ್ಬಹುದಾ? ಹೋಗ್ಬಂದವ್ರು ಹೇಳಿ

ಮೂಡಿಗೆರೆ ಅಕ್ಕ:
ತಮ್ಮ ಪಿಯುಸಿ ಆದ್ಮೇಲೆ ಮನೇಲೇ ಇದಾನೆ, ಮೊಬೈಲ್ ರಿಪೇರಿ ಕಲೀತೀನಿ ಅಂತಾನೆ. ಉಜಿರೇಲಿ ರುಡ್‌ಸೆಟ್ ಅಂತ ಸ್ವಂತ ಉದ್ಯೋಗಕ್ಕೆ ಟ್ರೈನಿಂಗ್ ಕೊಡೋ ಸಂಸ್ಥೆ ಇದೆಯಲ್ಲ, ಅಲ್ಲಿ ಊಟ ವಸತಿ ಎಲ್ಲಾ ಫ್ರೀ ಅಂತಾರೆ, ನಿಜಾನಾ? ಧರ್ಮಸ್ಥಳದವ್ರದ್ದಲ್ವಾ, ಅವನ ಫ್ರೆಂಡ್ ಒಬ್ಬ ಮುಸ್ಲಿಂ ಹುಡುಗಾನೂ ಬರ್ತೀನಿ ಅಂತಿದಾನೆ, ತೊಂದ್ರೆ ಇಲ್ವಾ? ಮುಗಿದ್ಮೇಲೆ ಲೋನ್ ಅವ್ರೇ ಕೊಡಿಸ್ತಾರಾ?

ಬೆಳ್ತಂಗಡಿಯವ:
ಫ್ರೀ ಅಂದ್ರೆ ಪೂರ್ತಿ ಫ್ರೀ, ಟ್ರೈನಿಂಗ್, ಊಟ, ಹಾಸ್ಟೆಲ್ ಯಾವುದಕ್ಕೂ ದುಡ್ಡಿಲ್ಲ. 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ್ದು, ವೀರೇಂದ್ರ ಹೆಗ್ಗಡೆಯವ್ರ ಯೋಚನೆ, ಆಮೇಲೆ ಅದೇ ಮಾದರಿ ನೋಡ್ಕೊಂಡು ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ ಅಂತ ಇಂಥದ್ದೇ ಟ್ರೈನಿಂಗ್ ಸೆಂಟರ್ ದೇಶ ಪೂರ್ತಿ ಮಾಡ್ತು. ಜಾತಿ ಧರ್ಮ ಕೇಳೋದಿಲ್ಲ, ನಮ್ಮ ಬ್ಯಾಚಲ್ಲಿ ಬ್ಯಾರಿ (ಕರಾವಳಿ ಮುಸ್ಲಿಂ) ಹುಡುಗ್ರು, ಕ್ರಿಶ್ಚಿಯನ್ನರು ಎಲ್ಲಾ ಇದ್ರು, ಒಂದೇ ರೂಮಲ್ಲಿ ಮಲಗ್ತಿದ್ವಿ, ಆ ಹುಡುಗನ್ನ ಧೈರ್ಯವಾಗಿ ಕಳಿಸಿ. 18 ತುಂಬಿರ್ಬೇಕು, ಆಧಾರ್, ರೇಷನ್ ಕಾರ್ಡು, ಫೋಟೋ ರೆಡಿ ಇಟ್ಕೊಳ್ಳಿ. ಮೊಬೈಲ್ ರಿಪೇರಿ 30 ದಿನದ ಕೋರ್ಸು, ಬ್ಯಾಚ್ ಯಾವಾಗ ಅಂತ ಮೊದ್ಲೇ ಫೋನ್ ಮಾಡಿ ಕೇಳಿ, ಸುಮ್ನೆ ಬ್ಯಾಗ್ ಹಿಡ್ಕೊಂಡು ಬಂದ್ರೆ ಸೀಟ್ ಇರ್ಲಿಕ್ಕಿಲ್ಲ. ಮಳೆಗಾಲ ಆದ್ರೆ ಚಾರ್ಮಾಡಿ ಘಾಟಿ ಓಪನ್ ಇದ್ಯಾ ನೋಡ್ಕೊಂಡೇ ಹೊರಡ್ಲಿ, ಗುಡ್ಡ ಕುಸಿದ್ರೆ ಕೊಟ್ಟಿಗೆಹಾರದಲ್ಲೇ ನಿಲ್ಲಿಸ್ಬಿಡ್ತಾರೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಡಿಸ್‌ಪ್ಲೇ ಬಿಚ್ಚೋದು, ಐಸಿ ಬೆಸುಗೆ ಹಾಕೋದು ಯಾವ ಅಂಗಡೀಲಿ ಕೂತ್ರೂ ಕಲೀಬಹುದು. ಅಲ್ಲಿ ನಿಜವಾಗಿ ಸಿಗೋದು ಬೇರೆ. ಬೆಳಿಗ್ಗೆ ಬೇಗ ಏಳಿಸ್ತಾರೆ, ಯೋಗ, ಶ್ರಮದಾನ, ಆಮೇಲೆ ಕ್ಲಾಸು. ರಿಂಗ್ ಎಸೆಯೋ ಆಟ, ಬ್ಲಾಕ್ ಜೋಡಿಸಿ ಟವರ್ ಕಟ್ಟೋ ಆಟ ಆಡಿಸ್ತಾರೆ, ಮಕ್ಕಳಾಟ ಇದ್ದ ಹಾಗೆ ಕಾಣುತ್ತೆ, ಆದ್ರೆ ರಿಂಗ್ ಎಷ್ಟು ದೂರದಿಂದ ಎಸೀತೀನಿ ಅಂತ ನಾವೇ ಹೇಳ್ಬೇಕು, ಅಲ್ಲೇ ಗೊತ್ತಾಗುತ್ತೆ ಯಾರು ರಿಸ್ಕ್ ಹೇಗೆ ತಗೊಳ್ತಾರೆ ಅಂತ. ಪೇಟೆಗೆ ಕಳಿಸಿ ಮಾರ್ಕೆಟ್ ಸರ್ವೇ ಮಾಡಿಸ್ತಾರೆ, ಮಾತೇ ಆಡದ ಹುಡುಗ್ರು ಅಂಗಡಿ ಅಂಗಡಿಗೆ ಹೋಗಿ ಬಾಡಿಗೆ ಎಷ್ಟು ಗಿರಾಕಿ ಎಷ್ಟು ಅಂತ ಕೇಳ್ಕೊಂಡು ಬರ್ತಾರೆ. ಮನೇಲೇ ಇದಾನೆ ಅಂತೀರಲ್ಲ, ನಿಮ್ ತಮ್ಮಂಗೆ ಬೇಕಾಗಿರೋದು ಇದೇ. ಮನೆಯಿಂದ ಹೋಗಿ ಬರೋ ಕೋರ್ಸಲ್ಲಿ ಇದು ಆಗೋದಿಲ್ಲ.

ಧಾರವಾಡ ಕಡೆಯಾಂವ:
ಉಜಿರೆನ ಆಗ್ಬೇಕಂತಿಲ್ರಿ, ಧಾರವಾಡ, ವಿಜಯಪುರದಾಗೂ ರುಡ್‌ಸೆಟ್ ಐತಿ. ನಾ ಹೈನುಗಾರಿಕೆ ಮಾಡೇನಿ, 10 ದಿನದ್ದು, ಛಲೋ ಕಲಿಸ್ತಾರ. ಊಟ ಸಾದಾ, ಹೊಟ್ಟಿ ತುಂಬ.

ಬ್ಯಾಂಕಲ್ಲಿದ್ದವರು:
ಲೋನ್ ವಿಷಯ ಸ್ಪಷ್ಟ ಮಾಡ್ತೀನಿ ಅಕ್ಕ. ಸರ್ಟಿಫಿಕೇಟ್ ಇದ್ರೆ ಲೋನ್ ಗ್ಯಾರಂಟಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಅವರು ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ಹೇಳ್ಕೊಡ್ತಾರೆ, ಅರ್ಜಿನ ಬ್ಯಾಂಕಿಗೆ ಕಳಿಸ್ತಾರೆ, ಕೊಡೋದು ಬಿಡೋದು ಬ್ರಾಂಚ್ ಮ್ಯಾನೇಜರ್ ನಿರ್ಧಾರ. ಹಳೇ ಸಾಲ ಬಾಕಿ ಇದ್ರೆ ಸಿಬಿಲ್‌ನಲ್ಲೇ (ಸಾಲ ತೀರಿಸಿದ ದಾಖಲೆ) ನಿಂತ್ಹೋಗುತ್ತೆ. ಚಿಕ್ಕ ಅಂಗಡಿಗೆ ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ 50,000 ವರೆಗೆ ಸಾಕು, ದೊಡ್ಡದು ಯಾಕೆ. ಪಿಎಂಇಜಿಪಿಗೆ, ಅಂದ್ರೆ ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಜೊತೆ ಸಾಲ ಸಿಗೋ ಕೇಂದ್ರದ ಯೋಜನೆಗೆ, ಹಾಕೋದಾದ್ರೆ ಹಳ್ಳೀಲಿ ಸಾಮಾನ್ಯ ವರ್ಗಕ್ಕೆ 25%, ಮಹಿಳೆ, ಎಸ್‌ಸಿ ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರಿಗೆ 35% ಸಬ್ಸಿಡಿ ಇದೆ, ಆ ಫ್ರೆಂಡ್ ಹುಡುಗಂಗೆ ಇದನ್ನ ಖಂಡಿತ ಹೇಳಿ.

ಹೊಲಿಗೆ ಕಲಿತವಳು:
ಟ್ರೈನಿಂಗ್ ಮುಗಿದ ಮೇಲೂ 2 ವರ್ಷ ಫಾಲೋಅಪ್ ಮಾಡ್ತಾರೆ, ಇದನ್ನ ಜಾಸ್ತಿ ಜನ ಬಳಸ್ಕೊಳ್ಳಲ್ಲ ಅಂತ ನಂಗೆ ಬೇಜಾರು. ಮಷಿನ್ ತಗೊಂಡು ಮೊದ್ಲ ತಿಂಗಳು ಗಿರಾಕೀನೇ ಬರ್ದೆ ಇದ್ದಾಗ ರುಡ್‌ಸೆಟ್ ಸರ್ ಫೋನ್ ಮಾಡಿ ಕೇಳಿದ್ರು, ಬ್ಲೌಸ್ ಒಂದೇ ಹೊಲೀಬೇಡ, ಸ್ಕೂಲ್ ಯೂನಿಫಾರ್ಮ್ ಕೇಳ್ನೋಡು ಅಂದ್ರು, ಅದ್ರಿಂದ್ಲೇ ದಾರಿ ಆಯ್ತು. ನಿಮ್ ತಮ್ಮನ ನಂಬರ್ ಬದಲಾದ್ರೆ ಅಲ್ಲಿಗೆ ತಿಳಿಸೋಕೆ ಹೇಳಿ, ಇಲ್ದಿದ್ರೆ ಅವ್ರು ಹುಡುಕೋದಾದ್ರೂ ಎಲ್ಲಿ. ಆಮೇಲೆ ಹೋಗೋ ಮುಂಚೆ ನಿಮ್ಮೂರಲ್ಲಿ ಮೊಬೈಲ್ ಅಂಗಡಿ ಈಗಾಗ್ಲೇ ಎಷ್ಟಿದೆ ಅಂತ ಒಂದ್ಸಲ ಎಣಿಸ್ಲಿ, ಜಾಸ್ತಿ ಇದ್ರೆ ಬೇರೆ ಕೋರ್ಸ್ ಯಾವುದಿದೆ ಅಂತ ಫೋನಲ್ಲೇ ಕೇಳಿ.