ಇಪ್ಪತ್ತು ನಿಮಿಷ ಓಡಿ ನಿಂತುಬಿಡುವ ಕಾರು, ತಲೆ ಕೆಟ್ಟುಹೋಗಿದೆ, ಯಾರಾದರೂ ನೋಡಿ

ಹಿತ್ತಲಗಿಡ:
ನಮಸ್ಕಾರ. ಮೂರು ವಾರದಿಂದ ಈ ಕಾರಿನ ಜೊತೆ ಗುದ್ದಾಡುತ್ತಿದ್ದೇನೆ. ಬೆಳಿಗ್ಗೆ ಒಂದೇ ಕೀಗೆ ಸ್ಟಾರ್ಟ್ ಆಗುತ್ತದೆ. ಚೆನ್ನಾಗಿ ಓಡುತ್ತದೆ. ಇಪ್ಪತ್ತು ನಿಮಿಷ ಆಯಿತು ಅನ್ನುವಾಗ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಜಪ್ಪಯ್ಯ ಅನ್ನುವುದಿಲ್ಲ. ಅರ್ಧ ಗಂಟೆ ಬಿಟ್ಟು ಬಂದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್! ಪ್ಲಗ್, ಅದಕ್ಕೆ ಕಿಡಿ ಬರಲು ಬೇಕಾದ ಪಾಯಿಂಟ್, ಕಂಡೆನ್ಸರ್, ಆಮೇಲೆ ಪೆಟ್ರೋಲ್ ಫಿಲ್ಟರ್ ಎಲ್ಲಾ ಹೊಸದು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ನಿನ್ನೆ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಹತ್ತೇ ನಿಮಿಷಕ್ಕೆ ನಿಂತಿತು. ಹೆಂಡತಿ ಇಳಿದು ತಳ್ಳಿದಳು. ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. ಬೇಗ ಹೇಳಿ.

ಸ್ಪ್ಯಾನರ್ ಹದಿಮೂರು:
ಯಾವ ಇಂಜಿನ್? ನಿಂತಾಗ ಇಲ್ಲದಿರುವುದು ಕರೆಂಟೋ ಪೆಟ್ರೋಲೋ?

ಕಾಯಿಲ್ ಕಾಕಾ:
ಇದರಲ್ಲಿ ಕೇಳುವುದೇನಿದೆ? ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್. ನೂರಕ್ಕೆ ನೂರು. ತಣ್ಣಗಿದ್ದಾಗ ಸರಿ ಇರುತ್ತದೆ, ಬಿಸಿಯಾದಾಗ ಒಳಗಿನ ತಂತಿ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ನಿಂತ ಕೂಡಲೇ ಕಾಯಿಲ್ ಮುಟ್ಟಿ ನೋಡಪ್ಪಾ, ಕೈ ಸುಡದಿದ್ದರೆ ಕೇಳು.

ಹಿತ್ತಲಗಿಡ:
ನಾಲ್ಕು ಸಿಲಿಂಡರ್, 1100 ಸಿಸಿ, ಒಂದೇ ಕಾರ್ಬ್ಯುರೇಟರ್. ಮಾಮೂಲಿ. ಕಾಕಾ, ಮುಟ್ಟಿದೆ. ಸುಡುತ್ತದೆ!

ಕಾಯಿಲ್ ಕಾಕಾ:
ಹೇಳಿದೆನಲ್ಲ.

ಸ್ಪ್ಯಾನರ್ ಹದಿಮೂರು:
ಅರ್ಧ ಗಂಟೆ ಓಡಿದ ಯಾವ ಕಾರಿನ ಕಾಯಿಲ್ ಮುಟ್ಟಿದರೂ ಬಿಸಿ ಇರುತ್ತದೆ ಕಾಕಾ. ಇಂಜಿನ್ ಪಕ್ಕದಲ್ಲೇ ಇರುವ ವಸ್ತು ಅದು. ಮೀಟರ್ ಹಿಡಿದು ನೋಡಲಿ. ಕಾಯಿಲ್ ಒಳಗಿನ ಪ್ರೈಮರಿ ಸುತ್ತು ಸುಮಾರು 3 ಓಮ್ ತೋರಿಸಬೇಕು. ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಯಾದರೆ 1.5 ಆಸುಪಾಸು.

ಹಿತ್ತಲಗಿಡ:
3.1 ಬಂತು.

ಕಾಯಿಲ್ ಕಾಕಾ:
ತಣ್ಣಗಿದ್ದಾಗ ನೋಡಿದರೆ ಏನು ಬಂತು? ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟ ಹಾಗಾಯಿತು. ಸುಮ್ನೆ ಬದಲಾಯಿಸು ತಮ್ಮಾ.

ತಂಪುಗಾಳಿ:
ನನ್ನ ಪ್ರಕಾರ ವೇಪರ್ ಲಾಕ್. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಗಾಳಿ ಎಳೆಯುತ್ತಿದೆ. ಎಥನಾಲ್ ಬೆರೆತ ಪೆಟ್ರೋಲ್ ಅಂತೂ ಇನ್ನೂ ಬೇಗ ಆವಿಯಾಗುತ್ತದೆ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ. ಪೈಪಿಗೆ ಬಟ್ಟೆ ಒಣಗಿಸುವ ಮರದ ಕ್ಲಿಪ್ ಸಿಕ್ಕಿಸಿ, ಬಿಸಿ ಎಳೆದುಕೊಳ್ಳುತ್ತದೆ.

ಗ್ಯಾರೇಜ್ ಗುಬ್ಬಿ:
ಮರದ ಕ್ಲಿಪ್ ಬಿಸಿ ಎಳೆಯುತ್ತದಾ? ಬಾಣಲೆಗೆ ಮರದ ಹಿಡಿ ಯಾಕೆ ಹಾಕುತ್ತಾರೆ ಹೇಳಿ ನೋಡೋಣ.

ತಂಪುಗಾಳಿ:
ನಮ್ಮ ತಂದೆ ಹಾಕುತ್ತಿದ್ದರು. ಕಾರು ಎಲ್ಲೂ ನಿಂತದ್ದಿಲ್ಲ. ನಿಮ್ಮ ವಿಜ್ಞಾನ ನಿಮಗಿರಲಿ.

ಗ್ಯಾರೇಜ್ ಗುಬ್ಬಿ:
ಕ್ಲಿಪ್ ಹಾಕುವುದರೊಳಗೆ ಇಂಜಿನ್ ಆರಿರುತ್ತದೆ, ಅದಕ್ಕೆ ಓಡುತ್ತಿತ್ತು. ಅಂದಹಾಗೆ ಈ ಪಾಯಿಂಟ್, ಕಂಡೆನ್ಸರ್ ಎಲ್ಲಾ ಯಾಕೆ ಇಟ್ಟುಕೊಂಡಿದ್ದೀರಿ? ನಾನು ನಾಲ್ಕು ವರ್ಷದ ಹಿಂದೆಯೇ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆ. ಜೊತೆಗೆ ಎಲೆಕ್ಟ್ರಿಕ್ ಪಂಪ್, ಎಲೆಕ್ಟ್ರಿಕ್ ಫ್ಯಾನ್, ಅಲ್ಯೂಮಿನಿಯಂ ರೇಡಿಯೇಟರ್. ಡ್ಯಾಶ್‌ಬೋರ್ಡಿನಲ್ಲಿ ಆರು ಮೀಟರ್ ಇದೆ. ರಾತ್ರಿ ಅವು ಹಸಿರಾಗಿ ಹೊಳೆಯುವುದನ್ನು ನೋಡಬೇಕು ನೀವು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್‌ಗೆ ಮಾಡಿಕೊಟ್ಟ ಇಗ್ನಿಷನ್ ಅದು, ಇನ್ನೂ ಅದನ್ನೇ ಉಜ್ಜುತ್ತಾ ಕೂತಿದ್ದೀರಲ್ಲ!

ಕಾಯಿಲ್ ಕಾಕಾ:
1912 ಅಲ್ಲ. ಅದು ಸೆಲ್ಫ್ ಸ್ಟಾರ್ಟರ್ ಬಂದ ವರ್ಷ. ಇಗ್ನಿಷನ್ 1910ರ ಕ್ಯಾಡಿಲಾಕ್‌ಗೇ ಬಂದಿತ್ತು. ಇನ್ನು ನಿನ್ನ ಎಲೆಕ್ಟ್ರಾನಿಕ್ ಡಬ್ಬಿ ದಾರಿಯಲ್ಲಿ ಕೈಕೊಟ್ಟರೆ ಏನು ಮಾಡುತ್ತೀಯ? ಪಾಯಿಂಟ್ ಆದರೆ ಬೆಂಕಿಪೊಟ್ಟಣದ ಬದಿಯಲ್ಲಿ ಉಜ್ಜಿ ಮನೆಗೆ ಬರುತ್ತೇನೆ.

ಗ್ಯಾರೇಜ್ ಗುಬ್ಬಿ:
ಡಿಕ್ಕಿಯಲ್ಲಿ ಇನ್ನೊಂದು ಡಬ್ಬಿ ಇದೆ.

ಸ್ಪ್ಯಾನರ್ ಹದಿಮೂರು:
ನನ್ನ ಪ್ರಶ್ನೆ ಅಲ್ಲೇ ಉಳಿಯಿತು. ಕರೆಂಟೋ ಪೆಟ್ರೋಲೋ?

ಹಿತ್ತಲಗಿಡ:
ಹೊಸ ಕಾಯಿಲ್ ಹಾಕಿದೆ. ಇವತ್ತು ಮೂವತ್ತೈದು ನಿಮಿಷ ಓಡಿತು, ನಿಲ್ಲಲೇ ಇಲ್ಲ! ಕಾಕಾ, ನಿಮ್ಮ ಕಾಲು ಎಲ್ಲಿದೆ ಹೇಳಿ, ಹಿಡಿಯುತ್ತೇನೆ.

ಕಾಯಿಲ್ ಕಾಕಾ:
ಎಲ್ಲಾ ಅನುಭವ ತಮ್ಮಾ. ಚರ್ಚೆ ಮುಚ್ಚಬಹುದು.

ಹಿತ್ತಲಗಿಡ:
ಮುಚ್ಚಬೇಡಿ. ಇವತ್ತು ಮತ್ತೆ ನಿಂತಿತು. ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದಿತ್ತು ಅಂತ ತುಂಬಿಸಿಕೊಂಡು ಬಂದೆ, ಹನ್ನೆರಡು ನಿಮಿಷ. ಮಾರಿಬಿಡುತ್ತೇನೆ ಈ ಡಬ್ಬಾವನ್ನು.

ಕಾಯಿಲ್ ಕಾಕಾ:
ಹೊಸ ಕಾಯಿಲ್‌ಗಳೂ ಈಗ ಕಳಪೆ ಬರುತ್ತವೆ. ಇನ್ನೊಂದು ಹಾಕಿ ನೋಡು.

ಸ್ಪ್ಯಾನರ್ ಹದಿಮೂರು:
ಇನ್ನೊಂದು ಕಾಯಿಲ್ ತರಬೇಡಿ. ನಿಂತ ಕೂಡಲೇ ಏರ್ ಫಿಲ್ಟರ್ ತೆಗೆದು, ಕಾರ್ಬ್ಯುರೇಟರ್ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಸರಳನ್ನು ಕೈಯಿಂದ ಎಳೆಯಿರಿ. ಸಣ್ಣ ನಳಿಕೆಯಿಂದ ಪೆಟ್ರೋಲ್ ಪಿಚಕಾರಿ ಹಾಗೆ ಚಿಮ್ಮಬೇಕು. ಚಿಮ್ಮಿದರೆ ಕರೆಂಟ್ ಕಡೆ ಹೋಗೋಣ.

ಹಿತ್ತಲಗಿಡ:
ನೋಡಿದೆ. ಒಂದು ಹನಿ ಇಲ್ಲ. ಒಣಗಿದೆ.

ತಂಪುಗಾಳಿ:
ವೇಪರ್ ಲಾಕ್!! ಈಗಲಾದರೂ ಕ್ಲಿಪ್ ಹಾಕಿ.

ಸ್ಪ್ಯಾನರ್ ಹದಿಮೂರು:
ತಂಪುಗಾಳಿ, ವೇಪರ್ ಲಾಕ್ ಆಗಿದ್ದರೆ ಟ್ಯಾಂಕ್ ತುಂಬಿದ ದಿನವೇ ಯಾಕೆ ಬೇಗ ನಿಲ್ಲಬೇಕು? ಎರಡು ಸಲ ಹೇಳಿದ್ದಾರೆ, ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲಗಿಡ ಅವರೇ, ಮೂರು ವಾರದ ಹಿಂದೆ ಏನಾಯಿತು? ಅದಕ್ಕೆ ಮೊದಲು ಕಾರು ಸರಿ ಇತ್ತಾ?

ಹಿತ್ತಲಗಿಡ:
ಅದಕ್ಕೆ ಮೊದಲು ಓಡಿಸಿರಲಿಲ್ಲ. ಎಂಟು ತಿಂಗಳು ಹಿತ್ತಲಲ್ಲಿ ಟಾರ್ಪಾಲ್ ಹೊದ್ದು ನಿಂತಿತ್ತು. ಕಾರಿಗೆ ಶೆಡ್ ಕಟ್ಟೋಣ ಅಂತ ಪಾಯ ತೋಡಲು ಶುರು ಮಾಡಿದೆ, ಮಣ್ಣಿನ ರಾಶಿ ಹಿಂದಿನ ಚಕ್ರದವರೆಗೂ ಬಂತು, ತೆಗೆಯಲು ಆಗಲಿಲ್ಲ. ಇದೆಲ್ಲಾ ಬೇಕಾ?

ಸ್ಪ್ಯಾನರ್ ಹದಿಮೂರು:
ಮೊದಲನೇ ದಿನವೇ ಬೇಕಿತ್ತು ಮಾರಾಯ್ರೇ.

ಮರಳುಜಲ್ಲಿ:
ಶೆಡ್ ವಿಷಯ ಬಂತು ಅಂತ ಕೇಳುತ್ತಿದ್ದೇನೆ, ನೆಲ ಏನು ಹಾಕುತ್ತಿದ್ದೀರಿ? ಕಾರು ನಿಲ್ಲುವ ನೆಲ ನಾಲ್ಕು ಇಂಚಿಗಿಂತ ಕಮ್ಮಿ ಇರಬಾರದು. ಸಿಮೆಂಟ್, ಮರಳು, ಜಲ್ಲಿ 1:2:4. ಮಣ್ಣು ಚೆನ್ನಾಗಿ ದಮ್ಮಸು ಮಾಡದೆ ಮೇಲೆ ಎಷ್ಟು ದಪ್ಪ ಹಾಕಿದರೂ ಅಷ್ಟೆ. ಏಳು ದಿನ ಗೋಣಿಚೀಲ ಹೊದಿಸಿ ನೀರು ಹಾಯಿಸಿ. ಪೂರ್ತಿ ಗಟ್ಟಿಯಾಗುವುದನ್ನು 28 ದಿನಕ್ಕೆ ಲೆಕ್ಕ ಹಾಕುತ್ತಾರೆ, ಅಲ್ಲಿಯವರೆಗೆ ಕಾರು ಹತ್ತಿಸದಿದ್ದರೆ ಒಳ್ಳೆಯದು.

ಗ್ಯಾರೇಜ್ ಗುಬ್ಬಿ:
ನಮ್ಮ ಶೆಡ್ಡಿಗೆ ಆರು ಇಂಚು, ಮೇಲೆ ಎಪಾಕ್ಸಿ ಬಣ್ಣ. ಆಯಿಲ್ ಚೆಲ್ಲಿದರೆ ಒರೆಸಿದರೆ ಸಾಕು. ಫೋಟೋ ಹಾಕಲಾ?

ಸ್ಪ್ಯಾನರ್ ಹದಿಮೂರು:
ಬೇಡ. ಹಿತ್ತಲಗಿಡ ಅವರೇ, ಮುಂದಿನ ಸಲ ನಿಂತಾಗ ಬಾನೆಟ್ ಕಡೆ ಹೋಗಬೇಡಿ. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಶಬ್ದ ಕೇಳಿ. ಮತ್ತೆ ಮುಚ್ಚಿ ಸೆಲ್ಫ್ ಹೊಡೆಯಿರಿ.

ಹಿತ್ತಲಗಿಡ:
ಉಸ್ಸ್ಸ್ ಅಂತು!! ಮೂರು ನಾಲ್ಕು ಸೆಕೆಂಡ್ ಗಾಳಿ ಎಳೆದುಕೊಂಡಿತು. ಸೆಲ್ಫ್ ಹೊಡೆದೆ, ಒಂದು ನಿಮಿಷದೊಳಗೆ ಸ್ಟಾರ್ಟ್. ಇದು ಹೇಗೆ?

ಸ್ಪ್ಯಾನರ್ ಹದಿಮೂರು:
ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ. ಇಂಜಿನ್ನಿಗೆ ಅಂಟಿಕೊಂಡ ಆ ಪುಟ್ಟ ಪಂಪ್ ಎಷ್ಟು ಅಂತ ಎಳೆದೀತು? ಟ್ಯಾಂಕ್ ತುಂಬಿದ್ದರೆ ಮೇಲೆ ಗಾಳಿಗೆ ಜಾಗ ಕಮ್ಮಿ, ನಿರ್ವಾತ ಬೇಗ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮುಚ್ಚಳದ ಸಂದಿಯಲ್ಲಿ ಚೂರುಚೂರೇ ಗಾಳಿ ನುಸುಳಿ ಸರಿಹೋಗುತ್ತದೆ. ನೀವು ಕಾಯಿಲ್ ಬದಲಾಯಿಸಿದ ದಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗಿತ್ತು, ಅದಕ್ಕೇ ಓಡಿತು. ಮುಚ್ಚಳದಲ್ಲಿ ತೂತಿಲ್ಲದಿದ್ದರೆ ಬೇರೆ ಬ್ರೀದರ್ ಪೈಪ್ ಇರುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಹುಡುಕಿ. ಟ್ಯಾಂಕಿನ ಕಡೆಯ ತುದಿ ಕಳಚಿಕೊಂಡೇ ಕೆದಕಿ, ಇಲ್ಲದಿದ್ದರೆ ಕಸ ಟ್ಯಾಂಕಿನೊಳಗೆ ಬೀಳುತ್ತದೆ. ಹತ್ತಿರ ಬೀಡಿ, ಸಿಗರೇಟು ಯಾವುದೂ ಬೇಡ.

ಹಿತ್ತಲಗಿಡ:
ಸಿಕ್ಕಿತು. ಕಿರುಬೆರಳು ದಪ್ಪದ ಪೈಪ್, ಹಿಂದಿನ ಚಕ್ರದ ಮೇಲೆ ಬಾಯಿ ತೆರೆದುಕೊಂಡಿದೆ. ಬಾಯಿ ಇತ್ತು ಅನ್ನಬೇಕು. ಯಾರೋ ಗಾರೆ ಕೆಲಸದವರು ನೀಟಾಗಿ ಮೆತ್ತಿದ ಹಾಗೆ ಮಣ್ಣಿನ ಬಿರಡೆ. ಕಣಜ! ನಾನು ತೋಡಿದ ಪಾಯದ ಮಣ್ಣೇ, ಅದೇ ಕೆಂಪು ಬಣ್ಣ. ತಂತಿಯಿಂದ ಕುಟ್ಟಿದೆ. ಮೊದಲು ಹೆಂಟೆ, ಆಮೇಲೆ ಸಣ್ಣ ಜೇಡಗಳು, ಒಂದರ ಹಿಂದೆ ಒಂದು. ಒಂಬತ್ತು ಎಣಿಸಿದೆ. ಕಾಲು ಮಡಚಿಕೊಂಡು ಒಣಗಿದ್ದವು. ಆಮೇಲೆ ಇನ್ನೊಂದು ಮಣ್ಣಿನ ಗೋಡೆ, ಅದರ ಹಿಂದೆ ಮತ್ತೆ ಜೇಡ. ಮೂರು ಕೋಣೆ ಕಟ್ಟಿತ್ತು. ಟ್ಯಾಂಕ್ ತುಂಬಿಸಿಕೊಂಡು ಒಂದೂವರೆ ಗಂಟೆ ಓಡಿಸಿ ಬಂದೆ. ಹೆಂಡತಿಯೂ ಬಂದಿದ್ದಳು. ಅರ್ಧ ದಾರಿಯವರೆಗೂ ಚಪ್ಪಲಿಯ ಬದಲು ಬೂಟು ಹಾಕಿಕೊಂಡೇ ಕೂತಿದ್ದಳು, ತಳ್ಳಬೇಕಾದೀತು ಅಂತ.

ತಂಪುಗಾಳಿ:
ಜೇಡ ಇತ್ತು ಅಂದರೆ ಕಣಜ ತನ್ನ ಮರಿಗೆ ಅಂತ ಚುಚ್ಚಿ ಮರಗಟ್ಟಿಸಿ ತಂದಿಟ್ಟದ್ದು. ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಮತ್ತೆ ಬರುತ್ತದೆ.

ಕಾಯಿಲ್ ಕಾಕಾ:
ಒಳ್ಳೆಯದಾಯಿತು. ಹೊಸ ಕಾಯಿಲ್ ಮಾತ್ರ ತೆಗೆಯಬೇಡ. ಹಳೆಯದು ಇವತ್ತಲ್ಲ ನಾಳೆ ಕೈಕೊಡುವುದೇ ಇತ್ತು.

ಹಿತ್ತಲಗಿಡ:
ಹಳೆಯದನ್ನೇ ವಾಪಸ್ ಹಾಕಿದ್ದೇನೆ ಕಾಕಾ, ಅದರಲ್ಲೇ ಒಂದೂವರೆ ಗಂಟೆ ಓಡಿದ್ದು. ಹೊಸದು ಡಿಕ್ಕಿಯಲ್ಲಿದೆ, ಗುಬ್ಬಿಯವರ ಡಬ್ಬಿ ಥರ.

ಹಿತ್ತಲಗಿಡ:
ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕಾರು ಚೆನ್ನಾಗಿದೆ. ಶೆಡ್ಡಿನ ನೆಲ ಹಾಕಿದೆ, ಮೂಲೆಯಿಂದ ಮಧ್ಯದವರೆಗೆ ಒಂದು ಬಿರುಕು ಬಿಟ್ಟಿದೆ. ಏನು ಕಾರಣ ಇರಬಹುದು?

ಕಾಯಿಲ್ ಕಾಕಾ:
ನೀರು ಹಾಯಿಸಿದ್ದು ಸಾಲಲಿಲ್ಲ. ನೂರಕ್ಕೆ ನೂರು.

ಮರಳುಜಲ್ಲಿ:
ಎಷ್ಟು ದಪ್ಪ ಹಾಕಿದಿರಿ? ಕೆಳಗೆ ದಮ್ಮಸು ಮಾಡಿದಿರಾ? ಮಧ್ಯೆ ಜಾಯಿಂಟ್ ಬಿಟ್ಟಿದ್ದೀರಾ?

ಹಿತ್ತಲಗಿಡ:
ಮಾಮೂಲಿ ದಪ್ಪವೇ.