ಸೆಖ್ಮೆಟ್ ಮೂರ್ತಿ: ಸಿಂಹದ ತಲೆ ಹೆಣ್ಣಿನ ಮೈಗೆ ಹೊಂದುವುದು ಹೇಗೆ?

ಮಣ್ಣಿನಗೊಂಬೆ:
ಜೇಡಿಮಣ್ಣಲ್ಲಿ ಈಜಿಪ್ಟಿನ ಸಿಂಹಮುಖದ ದೇವತೆ ಸೆಖ್ಮೆಟ್ ಮಾಡಹೋದರೆ ಹೆಂಗಸೊಬ್ಬಳು ಸಿಂಹದ ಮುಖವಾಡ ಹಾಕಿಕೊಂಡಂತೆ ಕಾಣುತ್ತದೆ. ಈಜಿಪ್ಟಿನ ಮೂರ್ತಿಗಳಲ್ಲಿ ಹಾಗನಿಸುವುದೇ ಇಲ್ಲ. ಗುಟ್ಟೇನು? ಇನ್ನೊಂದು: ಐಬಿಸ್ ಹಕ್ಕಿ ತಲೆಯ ದೇವರು ಥಾತ್ ದೊಡ್ಡ ಕಲ್ಲಿನ ಮೂರ್ತಿಗಳಲ್ಲಿ ಯಾಕಷ್ಟು ಅಪರೂಪ?

ಉಳಿಪೆಟ್ಟು:
ಅವರು ಕುತ್ತಿಗೆಯನ್ನು ತೋರಿಸುವುದೇ ಇಲ್ಲ, ಅಷ್ಟೇ. ಉದ್ದ ವಿಗ್ಗಿನ ಎರಡು ಪಾಲು ಭುಜದ ಮುಂದಿನಿಂದ ಎದೆಗೆ ಇಳಿಯುತ್ತವೆ, ಮೂರನೆಯದು ಬೆನ್ನಿಗೆ. ಮುಖದ ಸುತ್ತ ಕೇಸರವನ್ನು ಸಣ್ಣ ಗೆರೆಗಳಲ್ಲಿ ಕೊರೆದು ಅಂಚನ್ನು ವಿಗ್ಗಿಗೆ ಸೇರಿಸಿಬಿಡುತ್ತಾರೆ. ಮೃಗ ಎಲ್ಲಿ ಮುಗಿಯಿತು, ಹೆಣ್ಣು ಎಲ್ಲಿ ಶುರುವಾದಳು ಎಂದು ಬೆರಳಿಟ್ಟು ತೋರಿಸಲಾಗದು. ನೀವು ಬಹುಶಃ ತಲೆಯನ್ನು ಬೇರೆಯಾಗಿ ಮಾಡಿ ಕೂರಿಸುತ್ತಿದ್ದೀರಿ. ಮೊದಲು ಭುಜ, ಅದರ ಮೇಲೆ ವಿಗ್ಗಿನ ಮುದ್ದೆ, ಆಮೇಲೆ ಆ ಮುದ್ದೆಯೊಳಗಿಂದಲೇ ಮೂತಿಯನ್ನು ಹೊರತೆಗೆಯಿರಿ. ಕಿವಿ ದುಂಡಗಿರಲಿ, ಚೂಪಾದರೆ ಬೆಕ್ಕಿನ ತಲೆಯ ದೇವತೆ ಬಾಸ್ಟೆಟ್ ಆಗಿಬಿಡುತ್ತಾಳೆ!

ಕರಿಕಲ್ಲು:
ಇದಕ್ಕೆ ನೋಡಬೇಕಾದ್ದು ಈಜಿಪ್ಟಿನ ರಾಜ 3ನೇ ಅಮೆನ್‌ಹೋಟೆಪ್ (ಕ್ರಿ.ಪೂ. 14ನೇ ಶತಮಾನ) ಮಾಡಿಸಿದ ನೂರಾರು ಸೆಖ್ಮೆಟ್‌ಗಳನ್ನು. ಇಟಲಿಯ ಟ್ಯೂರಿನ್ ವಸ್ತುಸಂಗ್ರಹಾಲಯ ಒಂದರಲ್ಲೇ 21 ಇವೆ. ಕೂತವಳ ಎತ್ತರ ಸುಮಾರು 2 ಮೀಟರ್, ಎಡಗೈಯಲ್ಲಿ ಆಂಖ್ (ಜೀವದ ಚಿಹ್ನೆ). ಕಲ್ಲು ಗ್ರಾನೋಡಯೊರೈಟ್, ಗ್ರಾನೈಟಿನಂಥ ಗಡಸು ಕಲ್ಲು. ತಾಮ್ರದ ಉಳಿಗೆ ಅದು ಜಗ್ಗುವುದಿಲ್ಲ. ಡೊಲೆರೈಟ್ ಎಂಬ ಗಟ್ಟಿ ಕಲ್ಲಿನ ಗುಂಡಿನಿಂದ ಜಜ್ಜಿ, ಮರಳಿನಿಂದ ಉಜ್ಜಬೇಕು. ಅದಕ್ಕೇ ಆಕಾರವೆಲ್ಲ ಒತ್ತೊತ್ತಾಗಿದೆ: ತೋಳು ಮೈಗೆ ಅಂಟಿದೆ, ಬೆನ್ನಿಗೆ ಕಲ್ಲಿನ ಕಂಬದ ಆಸರೆ. ಇಷ್ಟಾದರೂ ಮೊದಲು ಹೋಗುವುದು ತಲೆಯ ಮೇಲಿನ ಸೂರ್ಯಬಿಂಬ, ಆಮೇಲೆ ಕಿವಿ, ಮೂತಿ. ಮಣ್ಣಿನಲ್ಲೂ ಬಿಂಬವನ್ನು ತೆಳ್ಳಗೆ ಮಾಡಬೇಡಿ, ಒಣಗುವಾಗಲೇ ಬುಡದಲ್ಲಿ ಸೀಳುತ್ತದೆ.

ಉಳಿಪೆಟ್ಟು:
ಥಾತ್ ವಿಷಯಕ್ಕೂ ಉತ್ತರ ಇಲ್ಲೇ ಇದೆ. ಗಿಡುಗದ ಮೋಟು ಕೊಕ್ಕು ಕಲ್ಲಿಗೆ ಒಗ್ಗುತ್ತದೆ, ಗಿಡುಗ ತಲೆಯ ದೇವರು ಹೋರಸ್‌ಗೆ ತೊಂದರೆಯಿಲ್ಲ. ಐಬಿಸ್‌ನ ಉದ್ದ ಬಾಗುಕೊಕ್ಕನ್ನು ಆಸರೆಯಿಲ್ಲದೆ ಕಲ್ಲಲ್ಲಿ ಚಾಚಿದರೆ ಮುರಿಯದೆ ಉಳಿದೀತೇ? ಗೋಡೆಯ ಉಬ್ಬುಚಿತ್ರದಲ್ಲಿ ಆ ಭಯವಿಲ್ಲ, ಕಂಚಿನ ಎರಕದಲ್ಲೂ ಇಲ್ಲ. ಫಯಾನ್ಸ್‌ನ (ಹೊಳಪಿನ ಲೇಪದ ಪಿಂಗಾಣಿಯಂಥ ವಸ್ತು) ಪುಟ್ಟ ತಾಯಿತಗಳಲ್ಲಿ ಕೊಕ್ಕನ್ನು ಎದೆಗೇ ಒರಗಿಸಿರುತ್ತಾರೆ. ಭಾರೀ ಮೂರ್ತಿ ಬೇಕೆಂದರೆ ಥಾತ್‌ನ ಇನ್ನೊಂದು ರೂಪ, ಬಬೂನ್, ಇದ್ದೇ ಇದೆ. ಥಾತ್‌ನ ಪೂಜೆಯ ಊರಾದ ಹರ್ಮೊಪೊಲಿಸ್‌ನಲ್ಲಿ ಅದೇ ಅಮೆನ್‌ಹೋಟೆಪ್ ನಿಲ್ಲಿಸಿದ ಕ್ವಾರ್ಟ್‌ಜೈಟ್ ಬಬೂನ್‌ಗಳು ಸುಮಾರು 4.5 ಮೀಟರ್ ಎತ್ತರ. ಮುದುಡಿ ಕೂತ ಕೋತಿಗಿಂತ ಗಟ್ಟಿ ಆಕಾರ ಶಿಲ್ಪಿಗೆ ಇನ್ನೇನು ಸಿಕ್ಕೀತು?

ಮಣ್ಣಿನಗೊಂಬೆ:
ತಲೆ ಬೇರೆ ಮಾಡಿದ್ದೇ ತಪ್ಪಾಗಿದೆ. ವಿಗ್ಗಿನ ಮುದ್ದೆ ದಪ್ಪವಾದರೆ ಒಳಗೆ ಹಸಿ ಉಳಿಯುವುದಿಲ್ಲವೇ?

ಕರಿಕಲ್ಲು:
ಉಳಿಯುತ್ತದೆ, ಸುಡುವಾಗ ಸಿಡಿಯುತ್ತದೆ ಕೂಡ. ಮಣ್ಣು ಅರೆ ಒಣಗಿದಾಗ ತಲೆಯ ಹಿಂಭಾಗ ಕೊಯ್ದು ಒಳಗನ್ನು ಟೊಳ್ಳು ಮಾಡಿ, ಅಂಚಿಗೆ ಗೀರು ಹಾಕಿ ನೀರುಮಣ್ಣು ಸವರಿ ಮುಚ್ಚಿ. ಗಾಳಿ ಹೋಗಲು ಬುಡದಲ್ಲೊಂದು ತೂತು ಬಿಡಿ.